ಗಾದಿಲಿಂಗ ಹೊತ್ತ ನಿದ್ದೆ

ನನ್ನ ಲಾರಿಯನ್ನು ತಿಂಗಳಲ್ಲಿ ಅರ್ಧ ಕಾಲ ಇನ್ನೊಬ್ಬ ಓಡಿಸುತ್ತಾನೆ ಎಂದರೆ ಹೊರಗಿನ ಡ್ರೈವರುಗಳು ಮೂಗು ಮುರಿಯುತ್ತಾರೆ. ಹೆದ್ದಾರಿಯ ಟೀ ಅಂಗಡಿಯಲ್ಲಿ ಈ ಮಾತು ಬಂದಾಗಲೆಲ್ಲ ಯಾವನಾದರೊಬ್ಬ ಕೇಳಿಯೇ ಕೇಳುತ್ತಾನೆ: "ಅಲ್ಲ ತಿಪ್ಪೇಶಣ್ಣ, ಗಾಡಿ ಕ್ಲಚ್ಚು ಇನ್ನೊಬ್ಬನ ಕಾಲಿಗೆ ಒಗ್ಗಿದ್ರೆ ನಿನ್ ಮಾತು ಹೆಂಗೆ ಕೇಳುತ್ತೆ?" ಕೇಳುತ್ತದಪ್ಪಾ, ಚೆನ್ನಾಗಿಯೇ ಕೇಳುತ್ತದೆ. ನನ್ನ ಜೋಡಿದಾರ ಗಾದಿಲಿಂಗ ಒಂದು ದಿನವೂ ಡೀಸೆಲ್ ಬತ್ತಿಸಿ ಗಾಡಿ ನಿಲ್ಲಿಸಿದವನಲ್ಲ. ಅವನು ಬಲು ಉದ್ದ, ನಾನು ಗಿಡ್ಡ. ತನ್ನ ಪಾಳಿ ಮುಗಿದ ದಿನ ಸೀಟನ್ನು ನನ್ನ ಕಾಲಿಗೆ ನಿಲುಕುವಂತೆ ಮುಂದಕ್ಕೆ ಎಳೆದು, ಕನ್ನಡಿಯನ್ನು ನನ್ನ ಕಣ್ಣಿನ ಎತ್ತರಕ್ಕೆ ತಿರುಗಿಸಿ, ಆಮೇಲೆ ಇಳಿಯುತ್ತಾನೆ. ಒಡಹುಟ್ಟಿದ ತಮ್ಮನೂ ಇಷ್ಟು ಮಾಡುವುದಿಲ್ಲ. ನನಗೊಬ್ಬ ತಮ್ಮ ಇದ್ದಾನೆ, ಅದಕ್ಕೇ ಗೊತ್ತು.

ನಮ್ಮದು ಎರಡು ಪಾಳಿಯ ಊರು. ಚಂದ್ರ ಬೆಳೆಯುವ ದಿನಗಳಲ್ಲಿ ಅರ್ಧ ಊರು ಎದ್ದಿರುತ್ತದೆ, ಕರಗುವ ದಿನಗಳಲ್ಲಿ ಇನ್ನರ್ಧ. ನಾವು ಹುಣ್ಣಿಮೆಯವರು, ಅವರು ಅಮಾಸೆಯವರು. ಹುಣ್ಣಿಮೆ ಕಳೆಯಿತೆಂದರೆ ಎಲ್ಲಿದ್ದರೂ ನಮಗೆ ನಿದ್ದೆ ಬಂದು ಹಿಡಿಯುತ್ತದೆ, ಮತ್ತೆ ಕಣ್ಣು ಬಿಡುವುದು ಅಮಾವಾಸ್ಯೆ ಕಳೆದ ಮೇಲೆ. ದಿನದಿನದ ರಾತ್ರಿಯ ನಿದ್ದೆ ಬೇರೆ, ಅದು ಎಲ್ಲ ಊರಿನಲ್ಲೂ ಇರುವಂಥದ್ದೇ. ಇದಕ್ಕೆ ನಾವು ದೊಡ್ಡ ನಿದ್ದೆ ಅನ್ನುತ್ತೇವೆ. ದೊಡ್ಡ ನಿದ್ದೆಯಲ್ಲಿರುವವರನ್ನು ಎದ್ದಿರುವವರು ನೋಡಿಕೊಳ್ಳಬೇಕು. ಮಗ್ಗುಲು ಬದಲಿಸಬೇಕು, ತುಟಿಗೆ ಗಂಜಿಯ ತಿಳಿ ಬಿಡಬೇಕು, ಮೈ ಒರೆಸಬೇಕು, ಸೆಕೆಗಾಲದಲ್ಲಿ ಗಾಳಿ ಬೀಸಬೇಕು. ಅದಕ್ಕೆಂದೇ ಪ್ರತಿ ಮನೆಗೂ ಆ ಕಡೆಯದೊಂದು ಜೋಡಿ ಮನೆ ಇರುತ್ತದೆ, ಪ್ರತಿ ಕಸುಬಿಗೂ ಆ ಕಡೆಯವನೊಬ್ಬ ಜೋಡಿದಾರ ಇರುತ್ತಾನೆ. ಮಗ್ಗ ಒಂದು, ನೇಯುವವರು ಇಬ್ಬರು. ಲಾರಿ ಒಂದು, ಓಡಿಸುವವರು ಇಬ್ಬರು. ನಮ್ಮ ಮನೆಗೆ ಗಾದಿಲಿಂಗನ ಮನೆಯೇ ಜೋಡಿ. ನಾವು ಮಲಗಿದಾಗ ಅವನು, ಅವನ ಹೆಂಡತಿ ಚೌಡಮ್ಮ ನಮ್ಮನ್ನು ನೋಡಿಕೊಳ್ಳುತ್ತಾರೆ. ಅವರು ಮಲಗಿದಾಗ ನಾನು, ನನ್ನ ಹೆಂಡತಿ ಓಬಕ್ಕ. ಅವನ ಗಡ್ಡ ನಾನು ಹೆರೆಯುತ್ತೇನೆ, ನನ್ನದನ್ನು ಅವನು. ಮೀಸೆ ಕತ್ತರಿಸುವುದು ಮಾತ್ರ ಆ ಮಹಾರಾಯನಿಗೆ ಕೊನೆಗೂ ಬರಲಿಲ್ಲ. ಎದ್ದು ಕನ್ನಡಿ ನೋಡಿಕೊಂಡರೆ ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು ಅಳತೆ. ಆದರೂ ಮೈ ಹಗುರವಾಗಿರುತ್ತದೆ, ಬೆನ್ನಿನಲ್ಲಿ ಒಂದು ಹುಣ್ಣಾಗಿರುವುದಿಲ್ಲ. ಇನ್ನೊಬ್ಬರ ಕೈಯಲ್ಲಿ ಅರ್ಧ ಆಯಸ್ಸು ಇಷ್ಟು ನೆಮ್ಮದಿಯಾಗಿ ಕಳೆಯುವ ಭಾಗ್ಯ ಬೇರೆ ಊರಿನವರಿಗಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಒಂದು ಪಾಳಿಯಲ್ಲಿ ಬರೆದದ್ದು ಇನ್ನೊಂದಕ್ಕೆ ದಾಟುವುದಿಲ್ಲ. ಎದ್ದು ನೋಡಿದರೆ ಹಾಳೆ ಬೆಳ್ಳಗಿರುತ್ತದೆ. ಟೇಪಿನಲ್ಲಿ ಹಿಡಿದ ದನಿ ಗಾಳಿಯ ಸದ್ದಾಗಿರುತ್ತದೆ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡೇ ನಿಂತಿರುತ್ತಾರೆ. ಹಾಗಾಗಿ ಅತ್ತಿಂದಿತ್ತ ಸುದ್ದಿ ಒಯ್ಯುವವರು ಮಕ್ಕಳು. ಹಾಲುಹಲ್ಲು ಇರುವ ತನಕ ಮಕ್ಕಳಿಗೆ ದೊಡ್ಡ ನಿದ್ದೆ ಇಲ್ಲ, ಅವು ಎರಡೂ ಪಾಳಿಯಲ್ಲಿ ಎದ್ದಿರುತ್ತವೆ, ಎರಡೂ ಮನೆಯಲ್ಲಿ ಉಣ್ಣುತ್ತವೆ. ಕೊನೆಯ ಹಾಲುಹಲ್ಲು ಯಾವ ಪಾಳಿಯಲ್ಲಿ ಬೀಳುತ್ತದೋ ಮಗು ಆ ಪಾಳಿಗೆ ಸೇರಿತು. ದಾರ ಕಟ್ಟಿ ಕಿತ್ತರೆ ಲೆಕ್ಕಕ್ಕಿಲ್ಲ, ತಾನಾಗಿ ಬೀಳಬೇಕು. ನಮ್ಮೂರ ತಾಯಂದಿರು ಈ ವಿಷಯದಲ್ಲಿ ಬಲು ಹುಷಾರು. ಹಲ್ಲು ಅಲ್ಲಾಡಿದ್ದೇ ತಡ ಹುರಿಗಡಲೆ, ಒಣಕೊಬ್ಬರಿ, ಕಬ್ಬು ಎಂದು ತಿನ್ನಿಸಿ ತಿನ್ನಿಸಿ ತಮ್ಮ ಪಾಳಿಯಲ್ಲೇ ಕೆಡವಿಕೊಳ್ಳುತ್ತಾರೆ.

ನಮಗೆ ಒಬ್ಬಳೇ ಮಗಳು, ನಾಗವೇಣಿ. ಚಿಕ್ಕವಳಿದ್ದಾಗ ನನಗೂ ಗಾದಿಲಿಂಗನಿಗೂ ನಡುವೆ ಅವಳೇ ಬಾಯಿ. ನಾನು ಏಳುತ್ತಲೇ ಹಾಸಿಗೆಯ ಹತ್ತಿರ ಕೂತು, "ಅಪ್ಪಾ, ಹಿಂದ್ಲ ಚಕ್ರಕ್ಕೆ ಮೈಯಾಗೆ ಹುಷಾರಿಲ್ಲಂತೆ, ಮಾಮ ಹೇಳ್ತು" ಅನ್ನುವಳು. ಹೋಗಿ ನೋಡಿದರೆ ಟೈರು ಸೀಳಿರುತ್ತಿತ್ತು. ಅವಳ ಕೊನೆಯ ಹಲ್ಲು ಅಲ್ಲಾಡತೊಡಗಿದ್ದು ನಮ್ಮ ಪಾಳಿಯಲ್ಲೇ. ಓಬಕ್ಕ ಹುರಿಗಡಲೆಯ ಡಬ್ಬಿಯನ್ನೇ ಅವಳ ಮುಂದೆ ಸುರಿದಳು. ನಾನು ಬಾಡಿಗೆ ಬಿಟ್ಟು ಮನೆಯಲ್ಲೇ ಕೂತು ಕಬ್ಬು ಸಿಗಿದು ಸಿಗಿದು ಕೊಟ್ಟೆ. ಆ ಹಲ್ಲು ಒಂದು ಕಡೆ ವಾಲಿತು, ಬೀಳಲಿಲ್ಲ. ಹುಣ್ಣಿಮೆ ಬಂತು. ಕಣ್ಣು ಎಳೆಯುವ ಹೊತ್ತಿನಲ್ಲೂ ಓಬಕ್ಕ ಮಗುವಿನ ಬಾಯಿಗೆ ಕೊಬ್ಬರಿಯ ತುಂಡು ಇಡುತ್ತಿದ್ದಳು. ಅಮಾವಾಸ್ಯೆ ಕಳೆದು ನಾವು ಎದ್ದಾಗ ವೇಣಿ ನಮ್ಮಿಬ್ಬರ ನಡುವೆ ಮಲಗಿದ್ದಳು. ಎರಡು ಜಡೆ ಹಾಕಿದ್ದರು. ಕೂಗಿದೆವು, ಅಲ್ಲಾಡಿಸಿದೆವು. ಏಳಲಿಲ್ಲ.

ಅಂದಿನಿಂದ ನಾವು ಎದ್ದಿದ್ದಾಗ ಅವಳು ಮಲಗಿರುತ್ತಾಳೆ, ಅವಳು ಎದ್ದಿದ್ದಾಗ ನಾವು. ಹಾಗಂತ ಮಗಳು ಇಲ್ಲವಾಗಲಿಲ್ಲ, ಸುಳ್ಳು ಹೇಳಬಾರದು. ನಮ್ಮ ಪಾಳಿಯಲ್ಲಿ ಓಬಕ್ಕ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ, ತಲೆ ಬಾಚುತ್ತಾಳೆ, ಊರ ಸುದ್ದಿಯನ್ನೆಲ್ಲ ಅವಳ ಕಿವಿಯಲ್ಲಿ ಹೇಳುತ್ತಾಳೆ. ಅವಳ ಪಾಳಿಯಲ್ಲಿ ಅವಳು ನಮಗೆ ಮಾಡುತ್ತಾಳೆ. ಎದ್ದಾಗ ನನ್ನ ಉಗುರು ಕತ್ತರಿಸಿರುತ್ತದೆ, ಅಂಗಿಯ ಕಿತ್ತುಹೋದ ಗುಂಡಿ ಹೊಲಿದಿರುತ್ತದೆ. ಅವಳನ್ನು ಬೆಳೆಸಿದವರು, ಶಾಲೆಗೆ ಕಳಿಸಿದವರು, ಜ್ವರ ಬಂದಾಗ ಹೊತ್ತು ಓಡಿದವರು ಗಾದಿಲಿಂಗ, ಚೌಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ಮೊದಮೊದಲು ಚೌಡಮ್ಮನಿಗೆ ಗಂಜಿ ಬಿಡುವಾಗ ಓಬಕ್ಕ ಗೊಣಗುತ್ತಿದ್ದಳು: "ಕಬ್ಬು ಕೊಟ್ಟು ಕೆಡವಿಕೊಂಡವ್ರೆ ಕಣೋ. ನಿಂಗೆ ಗೊತ್ತಾಗಲ್ಲ." ನಾನು ಸುಮ್ಮನಿರು ಅನ್ನುತ್ತಿದ್ದೆ. ಮಲಗಿದವರಿಗೆ ಗಂಜಿ ಬಿಡುವಾಗ ಹಾಗೆಲ್ಲ ಮಾತಾಡಬಾರದು. ಆದರೆ ಆ ಮಾತು ನನ್ನ ಹೊಟ್ಟೆಯಲ್ಲೂ ಎಲ್ಲೋ ಒಂದು ಕಡೆ ಕೂತಿತ್ತು. ವರ್ಷ ಕಳೆದ ಹಾಗೆ ಓಬಕ್ಕ ಗೊಣಗುವುದನ್ನು ಬಿಟ್ಟಳು, ಮಗಳ ಮೈಕೈ ತುಂಬುತ್ತಿದ್ದುದನ್ನು ನೋಡಿ ಅವಳಿಗೇ ನಾಚಿಕೆಯಾಯಿತೇನೋ. ಮಗಳು ನಮ್ಮ ಕಣ್ಣೆದುರಿಗೇ ದೊಡ್ಡವಳಾದಳು. ದನಿ ಮಾತ್ರ ನನ್ನ ಕಿವಿಯಲ್ಲಿ ಆ ಹಲ್ಲು ಅಲ್ಲಾಡುತ್ತಿದ್ದ ಹುಡುಗಿಯದೇ ಉಳಿಯಿತು.

ಮದುವೆಯ ಸುದ್ದಿ ತಂದವಳು ಪಕ್ಕದ ಮನೆಯ ಹಾಲುಹಲ್ಲಿನ ಹುಡುಗಿ. ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದಳು: "ವೇಣಕ್ಕಂಗೆ ಮದುವೆ. ಪಂಪ್ ರಿಪೇರಿ ಕೊಟ್ರೇಶಣ್ಣನ ಜೊತೆ. ಬರೋ ತಿಂಗಳು ಚಂದ್ರ ಕರಗೋವಾಗ. ಲಾರಿ ಸ್ಟ್ಯಾಂಡಲ್ಲಿ ಚಪ್ಪರ. ಪಾಯಸ ಐತಂತೆ. ನಂಗೆ ಚಿಕ್ಕಿ ಕೊಡಿ." ಓಬಕ್ಕ ಚಿಕ್ಕಿ ಕೊಟ್ಟಳು. ಆಮೇಲೆ ಒಳಗೆ ಹೋಗಿ ಮಲಗಿದ್ದ ಮಗಳ ತಲೆಯ ಹತ್ತಿರ ಕೂತು ಬಹಳ ಹೊತ್ತು ಅತ್ತಳು. ನಾನು ಸಮಾಧಾನ ಮಾಡಲು ಹೋಗಿ ನಾನೂ ಅತ್ತೆ. ಹುಡುಗ ಒಳ್ಳೆಯವನು, ಅವನು ಮಲಗಿದ್ದುದನ್ನು ನಾವು ನೋಡಿದ್ದೇವೆ, ನಿದ್ದೆಯಲ್ಲೂ ಮುಖ ಸಿಡುಕಿಲ್ಲ. ಅದಕ್ಕಲ್ಲ ಅತ್ತದ್ದು. ಒಬ್ಬಳೇ ಮಗಳು ಕಣ್ಣು ಬಿಟ್ಟುಕೊಂಡು ಹಸೆಮಣೆಯ ಮೇಲೆ ನಿಂತಿರುವುದನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕು ಅನ್ನಿಸಿತು.

ಅದಕ್ಕೆ ಇರುವುದು ಒಂದೇ ದಾರಿ. ನಮ್ಮಲ್ಲಿ ಅದಕ್ಕೆ ನಿದ್ದೆ ಹೊರುವುದು ಅನ್ನುತ್ತಾರೆ. ಒಂದೇ ಕಸುಬನ್ನು ಹಂಚಿಕೊಂಡ ಜೋಡಿದಾರ ತನ್ನ ಪಾಳಿಯಲ್ಲಿ ಮನಸ್ಸಾರೆ ಮಲಗಿದರೆ ಆ ಕಡೆಯವನು ಎಚ್ಚರಾಗುತ್ತಾನೆ. ಜೀವಮಾನಕ್ಕೆ ಒಂದು ಸಲ, ಅದೂ ಹೊತ್ತು ಮೂಡಿದಾಗಿನಿಂದ ಹೊತ್ತು ಮುಳುಗುವ ತನಕ. ಎದ್ದವನು ಮಧ್ಯದಲ್ಲಿ ಮಲಗಿದನೋ, ಅಲ್ಲಿಗೆ ಮುಗಿಯಿತು, ನಿದ್ದೆ ಹೊತ್ತವನು ಎದ್ದುಬಿಡುತ್ತಾನೆ. ಇದನ್ನು ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಿದರೆ ಆ ನಿದ್ದೆ ಬರುವುದಿಲ್ಲ. ಕೊಡುತ್ತೇನೆಂದು ಹೇಳಿ ಕಳಿಸುವಂತೆಯೂ ಇಲ್ಲ. ನಾನು ಆಸೆ ಇಟ್ಟುಕೊಳ್ಳಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವನು, ಸಾಕಿದವನು ಅವನು. ಅವಳ ಮದುವೆಯ ದಿನ ಅವನೇ ಮಲಗಿಬಿಡಬೇಕು ಎಂದು ಬಯಸುವುದಕ್ಕೆ ನನಗೆ ಯಾವ ಮುಖವಿದೆ?

ಮುಂದಿನ ಪಾಳಿಗೆ ಎದ್ದು ಲಾರಿಯ ಹತ್ತಿರ ಹೋದರೆ ಡ್ರೈವರ್ ಸೀಟಿನ ಮೇಲೆ ಗಾದಿಲಿಂಗನ ದಿಂಬು ಇತ್ತು. ನಮ್ಮ ಕಸುಬಿನಲ್ಲಿ ಇಬ್ಬರ ದಿಂಬೂ ಸೀಟಿನ ಹಿಂದಿನ ಹಲಗೆಯ ಮೇಲೆ ಇರುತ್ತವೆ. ಜೋಡಿ ಮುರಿದು ಗಾಡಿ ಬಿಟ್ಟು ಹೋಗುವವನು ಮಾತ್ರ ತನ್ನ ದಿಂಬನ್ನು ಈಚೆಗೆ ತೆಗೆದು ಸೀಟಿನ ಮೇಲೆ ಇಡುತ್ತಾನೆ. ಆ ಪಾಳಿಯ ಮೊದಲ ಬಾಡಿಗೆಗೆ ಹೋಗಿ ಬರುವ ತನಕ ನನಗೆ ಸಿಟ್ಟು ಇಳಿಯಲಿಲ್ಲ. ಇಷ್ಟು ವರ್ಷ ಒಂದೇ ಚಕ್ರ ಹಿಡಿದ ಮೇಲೆ, ಮಗಳ ಮದುವೆ ಮಾಡಿ ಕೈ ತೊಳೆದುಕೊಂಡು ಹೋಗುತ್ತಾನಂತೆ. ಹೋಗಲಿ ಬಿಡು, ನನಗೇನು ಜೋಡಿದಾರ ಸಿಗುವುದಿಲ್ಲವೇ ಎಂದುಕೊಂಡು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದು ಓಬಕ್ಕನ ಮುಂದೆ ಎಸೆದೆ.

"ನೋಡು, ನಿನ್ ಜೋಡಿ ಮನೆಯೋರು ಗಾಡಿ ಬಿಟ್ರು."

ಓಬಕ್ಕ ದಿಂಬನ್ನು ಎತ್ತಿ ಮೂಸಿದಳು. "ಒಗೆದವ್ರೆ" ಅಂದಳು. "ಬಿಡೋನು ಯಾಕೆ ಒಗೀತಾನೆ?" ಗವಸನ್ನು ಬಿಚ್ಚಿ ಕೊಡವಿದಳು. ಒಳಗಿಂದ ಅರಿಶಿಣ ಹಚ್ಚಿದ ಒಂದು ಅಡಿಕೆ ಮತ್ತು ಒಂದಿಷ್ಟು ಅಕ್ಷತೆ ಬಿದ್ದವು. ಅವಳು ನೆಲದ ಮೇಲೆ ಕೂತು ಒಂದೊಂದೇ ಕಾಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. ನಾನು ಇನ್ನೂ ಬೈಯುತ್ತಲೇ ಇದ್ದೆ.

"ಲೇ ಮಂಕೆ" ಅಂದಳು ಓಬಕ್ಕ, ತಲೆ ಎತ್ತದೆ. "ಮದುವೆ ದಿನ ಅವನು ಮಲಗ್ತಾನೆ. ಅದಕ್ಕೆ ದಿಂಬು ಇಟ್ಟವ್ನೆ. ನಿನ್ನ ಏಳಿಸ್ತಾನೆ ಕಣೋ."

ನಾನು ಕಂಬಕ್ಕೆ ಒರಗಿ ಕೂತುಬಿಟ್ಟೆ. ಬಾಡಿಗೆ ಪೂರ್ತಿ ಅವನನ್ನು ಬೈದುಕೊಂಡು ಬಂದಿದ್ದೆನಲ್ಲ, ನನ್ನ ಬಾಯಿಗೆ ಬೆಂಕಿ ಹಾಕ ಅನ್ನಿಸಿತು. ಓಬಕ್ಕ ಎದ್ದು ಬಂದು ನನ್ನ ಪಕ್ಕ ಕೂತಳು. ಅವಳಿಗೆ ಈ ಭಾಗ್ಯವಿಲ್ಲ. ನಿದ್ದೆ ಹೊರುವುದು ಕಸುಬಿನ ಜೋಡಿಗೆ ಮಾತ್ರ, ಮನೆ ನೋಡಿಕೊಂಡವಳಿಗೆ ಜೋಡಿದಾರಳಿಲ್ಲ. "ಇಷ್ಟು ವರ್ಷ ಬೇಯಿಸಿ ಹಾಕಿದ್ದು ಕಸುಬಲ್ವಂತೆ, ಕೇಳಿದ್ಯಾ" ಅಂದಳು. ಆಮೇಲೆ ಕಣ್ಣು ಒರೆಸಿಕೊಂಡು ಕೆಲಸ ಹಚ್ಚಿದಳು. "ಅವಳ ದನಿ ಹೆಂಗೈತೆ ಅಂತ ಸರಿಯಾಗಿ ಕೇಳಿಸ್ಕೊಂಡು ಬಾ. ಬಂದು ನಂಗೆ ಮಾಡಿ ತೋರಿಸ್ಬೇಕು. ನಗೋವಾಗ ಬಾಯಿ ಮುಚ್ಕೊಂತಾಳಾ ನೋಡು. ಧಾರೆ ಎರೆಯೋವಾಗ ನನ್ನ ಹೆಸರು ಹೇಳಿ ನೀರು ಬಿಡು. ಮರೆತು ಬಂದ್ಯೋ, ಮುಂದಿನ ಪಾಳಿಲಿ ನಿಂಗೆ ಊಟ ಇಲ್ಲ." ಪಾಳಿ ಮುಗಿಯುವ ತನಕ ದಿನಕ್ಕೊಂದು ಹೊಸ ಕೆಲಸ ಸೇರಿಸುತ್ತಲೇ ಇದ್ದಳು. ಹುಣ್ಣಿಮೆ ಕಳೆದ ಬೆಳಗ್ಗೆ ಮಲಗುವಾಗ ನನ್ನ ಹೊಸ ಪಂಚೆ, ಅಂಗಿ ಎರಡನ್ನೂ ತಲೆದಿಂಬಿನ ಹತ್ತಿರ ಮಡಿಸಿಟ್ಟಳು.

ಎಚ್ಚರಾದಾಗ ಕಿಟಕಿಯಲ್ಲಿ ಎಳೆಬಿಸಿಲು ಇತ್ತು. ಪಕ್ಕದಲ್ಲಿ ಓಬಕ್ಕ ಮಲಗಿದ್ದಳು. ನಾನು ಎದ್ದಾಗ ಅವಳು ಮಲಗಿದ್ದುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ನಮ್ಮ ಮನೆಯಲ್ಲಿ ಮೊದಲು ಏಳುವವಳು ಅವಳೇ. ಬಾಗಿಲ ಹತ್ತಿರ ಯಾರೋ ಹೆಂಗಸು ಹೇಳಿದಳು: "ಅಪ್ಪಾ, ಮುಖ ತೊಳ್ಕೋ. ಕಾಫಿ ಆರುತ್ತೆ."

ದನಿ ದಪ್ಪಗಿತ್ತು. ಸ್ವಲ್ಪ ಒರಟು, ಲಾರಿ ಸ್ಟ್ಯಾಂಡಿನಲ್ಲಿ ಬೆಳೆದವರ ದನಿ. ನಾನು ಸಣ್ಣ ಹುಡುಗಿಯ ದನಿಗೆ ಕಾಯುತ್ತಿದ್ದವನು ಯಾರಿವಳು ಎಂದುಕೊಂಡೆ. ಆಮೇಲೆ ಮುಖ ನೋಡಿದೆ. ಮುಖ ನನಗೆ ಬಾಯಿಪಾಠವಾಗಿದ್ದುದೇ, ಆದರೆ ಅದರಲ್ಲಿ ಎರಡು ಕಣ್ಣು ಇದ್ದವು. ನನ್ನ ಅವ್ವನ ಕಣ್ಣು. ಅರಿಶಿಣದ ಮೈ, ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟಿದ್ದಳು. ನಾನು ಅವಳನ್ನೇ ನೋಡುತ್ತ ಕೂತೆ. ಅವಳು ಕಾಫಿ ಕೆಳಗಿಟ್ಟು ಬಂದು ನನ್ನ ಮಡಿಲಲ್ಲಿ ತಲೆ ಇಟ್ಟಳು. ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ, ಕಾಫಿ ಆರಿತು.

"ಮಾಮ ಲಾರಿಲಿ ಮಲಗವ್ರೆ" ಅಂದಳು ಆಮೇಲೆ. "ಹೊತ್ತು ಮೂಡೋಕೆ ಮುಂಚೆ ಹೋಗಿ ಮಲಗಿದ್ರು. ಯಾರಿಗೂ ಹೇಳ್ಲಿಲ್ಲ. ಚೌಡಮ್ಮತ್ತೆ ಹುಡುಕ್ತಾ ಹೋಗಿ ನೋಡಿದ್ಲು. ಆಮೇಲೆ ನಂಗೆ ಬಂದು ಹೇಳಿದ್ಲು, ಹೋಗೇ, ನಿಮ್ಮಪ್ಪ ಏಳ್ತಾನೆ, ಕಾಫಿ ಇಡು ಅಂತ."

ಲಾರಿ ಬಾಗಿಲಲ್ಲೇ ನಿಂತಿತ್ತು. ಮಲಗಿದ ನೆಂಟರನ್ನೂ ಚಾಪೆ ಸಮೇತ ಮದುವೆಗೆ ಒಯ್ಯುವುದು ನಮ್ಮೂರ ವಾಡಿಕೆ, ಚಪ್ಪರದ ಒಂದು ಮಗ್ಗುಲು ಅವರಿಗೇ ಮೀಸಲು. ನಾನು, ವೇಣಿ, ಅಕ್ಕಪಕ್ಕದವರು ಸೇರಿ ಓಬಕ್ಕನನ್ನು ಹಿಂದೆ ಹಾಸಿಗೆಯ ಮೇಲೆ ಮಲಗಿಸಿದೆವು. ವೇಣಿ ಅವಳಿಗೆ ರೇಷ್ಮೆ ಸೀರೆ ಉಡಿಸಿ, ತಲೆಗೆ ಹೂವು ಮುಡಿಸಿದ್ದಳು. ಮುಂದೆ ಹತ್ತಿದರೆ ಹಲಗೆಯ ಮೇಲೆ ಗಾದಿಲಿಂಗ ಮಲಗಿದ್ದ. ಹಲಗೆ ಅವನಿಗೆ ಸಾಲದೆ ಕಾಲು ಈಚೆಗೆ ಚಾಚಿಕೊಂಡಿದ್ದವು. ಮದುವೆಗೆಂದು ಕ್ಷೌರ ಮಾಡಿಸಿಕೊಂಡಿದ್ದ, ಹೊಸ ಅಂಗಿಯನ್ನೂ ಹಾಕಿಕೊಂಡೇ ಮಲಗಿದ್ದ. ಸೀಟು ನನ್ನ ಅಳತೆಗೆ ಮುಂದೆ ಎಳೆದಿತ್ತು. ವೇಣಿ ನನ್ನ ಪಕ್ಕ ಕೂತಳು. ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಗಾಡಿ ಹೊರಡಿಸಿದೆ. ಆ ದಾರಿ ಮುಗಿಯಬಾರದೆಂದು ಸುತ್ತು ಹಾಕಿಕೊಂಡು ಕೆರೆಯ ಏರಿಯ ಮೇಲೆ ಹೋದೆ. ಅವಳಿಗೆ ಗೊತ್ತಾಯಿತು, ನಕ್ಕಳು. ಬಾಯಿ ಮುಚ್ಚಿಕೊಳ್ಳಲಿಲ್ಲ.

ನಾನು ಓಬಕ್ಕನ ಪಟ್ಟಿಯಲ್ಲಿದ್ದುದನ್ನೆಲ್ಲ ಕೇಳುತ್ತಿದ್ದೆ. ಅವಳು ಹೇಳುತ್ತಿದ್ದಳು. ಹೇಳುವಾಗಲೇ ಹಿಂದೆ ತಿರುಗಿ ಗಾದಿಲಿಂಗನ ಹೊದಿಕೆ ಎಳೆಯುವಳು. ಗುಂಡಿ ಬಂದಾಗ ಅವನ ತಲೆಗೆ ಕೈ ಅಡ್ಡ ಹಿಡಿಯುವಳು. ಸೆರಗಿನ ತುದಿಯಿಂದ ಅವನ ಬಾಯಿ ಒರೆಸುವಳು. ತಾನು ಅದನ್ನು ಮಾಡುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿದಿದ್ದಂತಿರಲಿಲ್ಲ. ಏರಿಯ ಮಧ್ಯದಲ್ಲಿ ನಾನು ಆ ಮಾತು ಕೇಳಿಯೇಬಿಟ್ಟೆ.

"ವೇಣಿ, ಆ ಹಲ್ಲು ಹೆಂಗೆ ಬಿತ್ತು?"

ಅವಳು ನನ್ನ ಮುಖ ನೋಡಿದಳು. "ಮಾಮ ಆ ಪಾಳಿ ಪೂರ್ತಿ ನಂಗೆ ಗಂಜಿ ಬಿಟ್ರೆ ಬೇರೆ ಏನೂ ಕೊಡ್ಲಿಲ್ಲಪ್ಪ. ಗಂಜಿ, ಬಾಳೆಹಣ್ಣು. ಬಾಳೆಹಣ್ಣನ್ನೂ ಹಿಸುಕಿ ಕೊಡೋರು. ಓಡಬ್ಯಾಡ, ಕುಣಿಬ್ಯಾಡ, ನಗಬ್ಯಾಡ. ನಿಮ್ಮಪ್ಪ ಎದ್ದ ಮೇಲೆ ಬೀಳ್ಲಿ, ಅಲ್ಲಿ ತನಕ ಬಾಯಿ ಬಿಗಿ ಹಿಡ್ಕೋ ಅನ್ನೋರು. ಬಾಡಿಗೆಗೂ ಹೋಗ್ಲಿಲ್ಲ. ಅಮಾಸೆ ದಿನ ಬಂತು. ಇನ್ನೇನು ಒಂದು ರಾತ್ರಿ ಕಳೆದ್ರೆ ನೀವು ಏಳ್ತೀರಿ. ಗಂಜಿ ತಟ್ಟೆ ಹಿಡ್ಕೊಂಡು ಬರೋವಾಗ ಮಾಮ ಹೊಸಿಲು ಎಡವಿ ಗಂಜಿ ಮೈಮೇಲೆ ಸುರ್ಕೊಂಡು ದೊಪ್ಪಂತ ಬಿದ್ರು. ನಂಗೆ ನಗು ತಡೀಲಿಲ್ಲ."

ನಾನು ಗಾಡಿಯ ವೇಗ ಇಳಿಸಿದೆ.

"ಕೈಗೆ ಬಿತ್ತು ಹಲ್ಲು. ನಾನು ಇನ್ನೂ ನಗ್ತಾನೇ ಇದ್ದೆ, ನಂಗೇನು ಗೊತ್ತು. ಮಾಮ ಎದ್ದು ಬಂದ್ರು, ಗಂಜಿ ಸೋರ್ತಿತ್ತು ತಲೆಯಿಂದ. ಹಲ್ಲು ಇಸ್ಕೊಂಡು ವಾಪಸ್ ನನ್ನ ಬಾಯಿಗೆ ಒತ್ತಿದ್ರಪ್ಪ. ಒತ್ತಿ ಹಿಡ್ಕೊಂಡು ಕೂತ್ರು. ತೆಗೆದ್ರೆ ಬೀಳ್ತಿತ್ತು, ಮತ್ತೆ ಒತ್ತೋರು. ನಂಗೆ ನೋವಾಗಿ ನಾನು ಅಳ್ತಿದ್ದೆ, ನನಗಿಂತ ಜಾಸ್ತಿ ಅವರು ಅಳ್ತಿದ್ರು. ಅತ್ತೆ ಬಂದು ಕೈ ಬಿಡಿಸಿದ್ಲು. ಇವತ್ತಿಗೂ ನಮ್ಮನೇಲಿ ಎದ್ದಿರೋವಾಗ ಯಾರೂ ಗಂಜಿ ಕುಡಿಯಲ್ಲ."

ನಾನು ಏರಿಯ ಮೇಲೆ ಗಾಡಿ ನಿಲ್ಲಿಸಿದೆ. ಹಿಂದೆ ತಿರುಗಿ ಗಾದಿಲಿಂಗನನ್ನು ನೋಡಿದೆ. ಅವನ ಗಡ್ಡ ಹೆರೆದಿದ್ದೇನೆ, ಮೈ ಒರೆಸಿದ್ದೇನೆ, ಬೆನ್ನಿನ ಮೇಲೆ ಮಚ್ಚೆ ಎಲ್ಲೆಲ್ಲಿವೆ ಎಂದು ಹೇಳಬಲ್ಲೆ. ಮಕ್ಕಳಿಲ್ಲದ ಮನೆಗೆ ಒಂದು ಮಗು ತಾನಾಗಿ ಬಂದು ಸೇರುತ್ತಿದ್ದಾಗ ಅದನ್ನು ನನಗೆ ಉಳಿಸಿಕೊಡಲು ಉದುರಿದ ಹಲ್ಲನ್ನು ಒತ್ತಿ ಹಿಡಿದು ಕೂತವನು ಇವನು. ಇವತ್ತು ಮತ್ತೆ ಅದನ್ನೇ ಮಾಡಿ ಮಲಗಿದ್ದಾನೆ. ಅವನ ಚಾಚಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ವೇಣಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಲಾರಿ ಸ್ಟ್ಯಾಂಡಿನ ಚಪ್ಪರದಲ್ಲಿ ಅಮಾಸೆಯವರೆಲ್ಲ ನೆರೆದಿದ್ದರು. ನಾನು ಇಳಿಯುತ್ತಲೇ ಸುತ್ತ ಸೇರಿದರು, ಕೆಲವರು ಓಬಕ್ಕನನ್ನು ಇಳಿಸಿ ಮಲಗಿದವರ ಮಗ್ಗುಲಿಗೆ ಒಯ್ದರು. ಎಲ್ಲರಿಗೂ ನಾನು ಗೊತ್ತು, ನನಗೂ ಎಲ್ಲರೂ ಗೊತ್ತು, ಮಲಗಿದ ಮುಖದಲ್ಲಿ. ಒಬ್ಬ ಅಜ್ಜಿ ಗಲ್ಲ ಹಿಡಿದು ನೋಡಿ, "ತಿಪ್ಪೇಶಿ ಕಣ್ಣು ಬೆಕ್ಕಿನ ಕಣ್ಣಂತೆ, ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ನೋಡ್ರೇ" ಅಂದಳು. ಯಾರೋ ನನ್ನ ಮೀಸೆ ನೋಡಿ ನಕ್ಕರು. ನಾನು ಕೈಮುಗಿಯುತ್ತಲೇ ಹೋದೆ. ಇವರಲ್ಲಿ ಯಾರು ಯಾರು ನನ್ನನ್ನು ಯಾವ ಯಾವ ಜ್ವರದಲ್ಲಿ ಕಾದಿದ್ದಾರೋ, ಯಾರಿಗೆಂದು ಬೇರೆ ಬೇರೆ ಕೈಮುಗಿಯಲಿ. ಚೌಡಮ್ಮ ಧಾರೆಯ ತಂಬಿಗೆ ಹಿಡಿದು ಹಸೆಮಣೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಅವಳ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ನನ್ನನ್ನು ಕಂಡು ತಂಬಿಗೆ ಮುಂದೆ ಚಾಚಿದಳು.

"ಬಾರಣ್ಣ. ಹೊತ್ತು ನೆತ್ತಿಗೆ ಬರೋದ್ರೊಳಗೆ ಧಾರೆ ಆಗ್ಬೇಕಂತೆ. ಓಬಕ್ಕನ ಕೈ ಮುಟ್ಟಿಸಿ ನೀನೇ ಬಿಡು."

ನಾನು ತಂಬಿಗೆಯನ್ನು ತೆಗೆದುಕೊಳ್ಳಲಿಲ್ಲ. "ಚೌಡಮ್ಮ, ಗಾದಿಲಿಂಗನ್ನ ಇಳಿಸಿಕೊಂಡು ಬರೋಕೆ ನಾಲ್ಕು ಜನಕ್ಕೆ ಹೇಳು" ಅಂದೆ. "ಓಬಕ್ಕನ ಪಕ್ಕ ಮಲಗಿಸ್ಲಿ. ಅವನ ಪಕ್ಕ ನಂಗೊಂದು ಚಾಪೆ ಹಾಸು."

ಅವಳಿಗೆ ಅರ್ಥವಾಯಿತು. "ಬ್ಯಾಡಣ್ಣ. ಇದು ಮತ್ತೆ ಬರಲ್ಲ. ಹೊತ್ತು ಮುಳುಗೋ ತನಕ ನಿಂದೇ ಐತೆ. ಕೊಟ್ಟದ್ದನ್ನ ವಾಪಸ್ ಮಾಡಿದ್ರೆ ಆ ಮನುಷ್ಯ ನಂಗೆ ಬೈತಾನೆ."

"ಬೈಲಿ. ಎದ್ದು ಬೈಲಿ."

ವೇಣಿ ನನ್ನ ತೋಳು ಹಿಡಿದಳು. "ಅಪ್ಪಾ, ನೀನು ಮಲಗಿದ್ರೆ ಮುಗೀತು. ಮತ್ತೆ ನಾನು ನಿನ್ನ ಹಿಂಗೆ ನೋಡಲ್ಲ." ನನಗೂ ಗೊತ್ತಿತ್ತು. ಇನ್ನೂ ಮಧ್ಯಾಹ್ನದ ಊಟವಿತ್ತು, ಅವಳ ಎಲೆಯ ಪಕ್ಕ ಕೂತು ಉಣ್ಣಬಹುದಿತ್ತು, ಸಂಜೆ ಅವಳನ್ನು ಗಂಡನ ಮನೆಗೆ ನಾನೇ ಲಾರಿಯಲ್ಲಿ ಬಿಟ್ಟು ಬರಬಹುದಿತ್ತು. ಓಬಕ್ಕನ ಹೆಸರು ಹೇಳಿ ನೀರು ಬಿಡುತ್ತೇನೆಂದು ಮಾತು ಕೊಟ್ಟಿದ್ದೆ. ಎಲ್ಲವೂ ಬೇಕಾಗಿತ್ತು ನನಗೆ, ಬಹಳ ಬೇಕಾಗಿತ್ತು. ಅವಳ ಎರಡೂ ಕೈಯನ್ನು ಹಿಡಿದು ಓಬಕ್ಕನ ಹತ್ತಿರ ಕರೆದುಕೊಂಡು ಹೋದೆ. ಓಬಕ್ಕನ ಕೈಯನ್ನು ಅವಳ ಕೈಯೊಳಗಿಟ್ಟು, ಮೇಲೆ ನನ್ನ ಕೈ ಇಟ್ಟು, "ನಿನ್ನನ್ನ ಕೊಡೋ ಹಕ್ಕು ಸಾಕಿದೋನಿಗೆ ಐತೆ ಮಗಳೇ. ನೀನು ಬೆಳಗ್ಗೆಯಿಂದ ಅವನ ಕಡೆಗೇ ತಿರುಗಿ ತಿರುಗಿ ನೋಡ್ತಿದ್ದೀಯ. ನಂಗೆ ಅದನ್ನ ನೋಡಿ ಸಂತೋಷ ಆಯ್ತು, ಹೊಟ್ಟೆಕಿಚ್ಚಲ್ಲ" ಅಂದೆ. "ನಿನ್ನ ದನಿ ಕೇಳಿದೆ. ನಗೋದು ನೋಡಿದೆ. ನಿಮ್ಮವ್ವನಿಗೆ ಹೇಳೋಕೆ ಒಂದು ಜನ್ಮಕ್ಕೆ ಆಗೋವಷ್ಟು ಐತೆ."

ಅವಳು ಬೇಡ ಅನ್ನಲಿಲ್ಲ. ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಳು. ಆಮೇಲೆ ತಾನೇ ಚಾಪೆ ತಂದು ಹಾಸಿದಳು, ಅರಿಶಿಣದ ಕೈಯಿಂದ ಸುಕ್ಕು ಬಿಡಿಸಿದಳು.

ನಾಲ್ವರು ಡ್ರೈವರುಗಳು ಗಾದಿಲಿಂಗನನ್ನು ಎತ್ತಿ ತಂದು ಮಲಗಿಸಿದರು. ನಾನು ಅವನ ಪಕ್ಕದಲ್ಲಿ ಮಲಗಿ ಅವನ ಕಡೆಗೆ ಹೊರಳಿದೆ. ಓಲಗದವರು ವಾದ್ಯ ಕೆಳಗಿಟ್ಟರು. ನಿದ್ದೆ ಕಾಲಿನಿಂದ ಮೇಲಕ್ಕೆ ಏರುತ್ತ ಬಂತು. ಮೊಣಕಾಲು, ಸೊಂಟ, ಎದೆ. ಕಣ್ಣು ಎಳೆಯುತ್ತಿದ್ದರೂ ಬಿಗಿಹಿಡಿದು ತೆರೆದೇ ಇಟ್ಟುಕೊಂಡೆ. ಅವನ ರೆಪ್ಪೆ ಅಲುಗಿತು. ಒಮ್ಮೆ ಉಸಿರು ಎಳೆದುಕೊಂಡು ಅವನು ಕಣ್ಣು ಬಿಟ್ಟ. ನಾನು ಎದುರಿಗೇ ಇದ್ದೆ. ಒಂದು ಗೇಣು ದೂರದಿಂದ ನನ್ನನ್ನೇ ನೋಡಿದ. ಗಾಬರಿಯಾಗಿ, "ಯಾಕೆ ತಿಪ್ಪೇಶಿ, ಹೊತ್ತು ಮುಳುಗಿತಾ?" ಅಂದ.

"ಇಲ್ಲ ಕಣೋ" ಅಂದೆ. "ಏಳು, ನಿನ್ನ ಮಗಳು ಧಾರೆಗೆ ಕಾಯ್ತಾ ಅವಳೆ."